ಹೋಂಸ್ಟೇಯಿಂದ ಊರಿನವರಿಗೆ ಏನು ಸಿಗುತ್ತದೆ?

ಸಕಲೇಶಪುರದ ಕಡೆ ನಿಮ್ಮೂರಲ್ಲಿ ಹೋಂಸ್ಟೇಗಳು ಜಾಸ್ತಿ ಆಗುತ್ತಿವೆ, ಮಾಲೀಕರನ್ನು ಬಿಟ್ಟರೆ ಊರಿನವರಿಗೆ ಏನಾದರೂ ಲಾಭ ಇದೆಯಾ ಅಂತ ಕೇಳಿದ್ದೀರಿ. ಇದೆ. ಆದರೆ ಎಲ್ಲ ಹೋಂಸ್ಟೇಗಳಿಂದಲೂ ಇಲ್ಲ. ನಾನು ಮೂಡಿಗೆರೆ ಕಡೆಯವನು, ನಮ್ಮ ಮನೆಯಲ್ಲೇ ಮೂರು ರೂಮು ಅತಿಥಿಗಳಿಗೆ ಅಂತ ಇಟ್ಟಿದ್ದೇವೆ, ಹಾಗಾಗಿ ನಾನು ಹೋಂಸ್ಟೇ ಪರ ಮಾತಾಡುವವನೇ ಅಂತ ತಿಳಿದುಕೊಂಡೇ ಓದಿ.

ಮೊದಲು ಕಾಫಿ ತೋಟದ ಲೆಕ್ಕ ನೋಡಿ. ಕಾಫಿಯಲ್ಲಿ ಎರಡು ಜಾತಿ, ಅರೇಬಿಕಾ ಕೊಯ್ಲು ನವೆಂಬರ್, ಡಿಸೆಂಬರ್ ಹೊತ್ತಿಗೆ ಶುರುವಾದರೆ ರೋಬಸ್ಟಾ ಮುಗಿಯುವಾಗ ಫೆಬ್ರವರಿ, ಮಾರ್ಚ್ ಆಗುತ್ತದೆ. ದುಡ್ಡು ಮುಖ ತೋರಿಸೋದು ಆಗ ಮಾತ್ರ. ಆಮೇಲೆ ಮರಗಸಿ (ನೆರಳಿನ ಮರಗಳ ಕೊಂಬೆ ಕಡಿಯೋದು), ಗೊಬ್ಬರ, ಕಳೆ, ಔಷಧಿ, ಎಲ್ಲ ಕೈಯಿಂದ ಹೋಗುವುದೇ. ಜೂನ್‌ನಿಂದ ಸೆಪ್ಟೆಂಬರ್ ತನಕ ಐದಾರು ಎಕರೆಯವರ ಜೇಬು ಖಾಲಿ, ಅಂಗಡಿಯಲ್ಲಿ ಲೆಕ್ಕ ಬರೆಸುವುದೇ ಗತಿ. ಬೆಂಗಳೂರಿನವರಿಗೆ ಮಲೆನಾಡು ನೆನಪಾಗುವುದು ಸರಿಯಾಗಿ ಅದೇ ತಿಂಗಳುಗಳಲ್ಲಿ! ಶನಿವಾರ, ಭಾನುವಾರ ನಾಲ್ಕು ಜನ ಬಂದು ಹೋದರೆ ವಾರದ ಮನೆ ಖರ್ಚು ಕಳೆಯುತ್ತದೆ. ನನ್ನ ಕೇಳಿದರೆ ಹೋಂಸ್ಟೇಯ ಮುಖ್ಯ ಲಾಭ ಇದೇ, ವರ್ಷಕ್ಕೊಂದು ಸಲ ದುಡ್ಡು ಕಾಣುವ ಮನೆಗೆ ಮಳೆಗಾಲದಲ್ಲೂ ಒಂದಿಷ್ಟು ಬರುತ್ತದೆ. 2000ದ ಆಸುಪಾಸಿನಲ್ಲಿ ಕಾಫಿ ಬೆಲೆ ನೆಲ ಕಚ್ಚಿದ ಮೇಲೆ ಕೊಡಗಿನಲ್ಲಿ ಎಷ್ಟೋ ಮನೆಯವರು ಹೋಂಸ್ಟೇಗೆ ಕೈ ಹಾಕಿದ್ದೂ ಇದಕ್ಕೇ.

ಈ ದುಡ್ಡು ಊರೊಳಗೆ ಎಲ್ಲೆಲ್ಲಿ ಹೋಗುತ್ತದೆ ಅನ್ನೋದು ನಿಮ್ಮ ಪ್ರಶ್ನೆ. ನಮ್ಮಲ್ಲಿ ಊಟ, ತಿಂಡಿ ಸೇರಿ ತಲೆಗೆ 2,000 ರೂಪಾಯಿ. ಆರು ಜನ ಬಂದರೆ ಒಂದು ರಾತ್ರಿಗೆ 12,000. ನಾಟಿ ಕೋಳಿ ಪಕ್ಕದ ಮನೆಯದ್ದು, ಹಾಲು ಆಚೆ ಮನೆಯದ್ದು. ಕಡುಬು, ಅಕ್ಕಿರೊಟ್ಟಿಗೆ ಕೈ ಜೋಡಿಸಲು ಲೈನ್ ಮನೆಯಿಂದ (ತೋಟದ ಕೆಲಸದವರ ಸಾಲುಮನೆ) ಒಬ್ಬ ಅಕ್ಕ ಬರುತ್ತಾರೆ, ಅವರಿಗೆ ತೋಟದ ಕೂಲಿಗಿಂತ ಜಾಸ್ತಿ ಕೊಡಬೇಕು, ಕೊಡುತ್ತೇವೆ. (ದೊಡ್ಡ ಎಸ್ಟೇಟಿನವರು ಇದಕ್ಕೇ ನಮ್ಮ ಮೇಲೆ ಗೊಣಗುವುದು, ಆಳು ಸಿಗದಂಗೆ ಮಾಡಿಬಿಟ್ರಿ ಅಂತ.) ದೇವರಮನೆ ಗುಡ್ಡದ ಕಡೆಗೋ ಎತ್ತಿನಭುಜ ಬೆಟ್ಟದ ಕಡೆಗೋ ಅತಿಥಿಗಳು ಹೋಗಲು ಜೀಪು ಬೇಕು. ಕೊಯ್ಲಿನಲ್ಲಿ ಆಳುಗಳನ್ನು ಕರೆತರುವ ಜೀಪೇ ಅದು, ಮೊದಲೆಲ್ಲ ಮಳೆಗಾಲ ಪೂರ್ತಿ ಸುಮ್ನೆ ಶೆಡ್ಡಲ್ಲಿ ನಿಂತಿರುತ್ತಿತ್ತು.

ಯಾರೂ ಲೆಕ್ಕಕ್ಕೆ ತಗೊಳ್ಳದ ಒಂದು ಖರ್ಚು ಹೇಳುತ್ತೇನೆ, ಬೆಡ್‌ಶೀಟ್. ಪುಷ್ಯ, ಆಶ್ಲೇಷ ಮಳೆ ಹಿಡಿದರೆ ಬಟ್ಟೆ ನಾಲ್ಕು ದಿನ ನೇತು ಹಾಕಿದರೂ ಒಣಗಲ್ಲ, ಒಣಗಿದರೂ ಮುಗ್ಗಲು ವಾಸನೆ. ಬಚ್ಚಲೊಲೆ ಮೇಲೆ ಹಗ್ಗ ಕಟ್ಟಿ ಒಣಗಿಸಿದರೆ ಹೊಗೆ ವಾಸನೆ. ನಮಗೇನೋ ಅಭ್ಯಾಸ, ದುಡ್ಡು ಕೊಟ್ಟು ಬಂದವರಿಗೆ ಅದನ್ನು ಹಾಸೋಕಾಗುತ್ತಾ? ಪೇಟೆಯಲ್ಲಿ ಒಬ್ಬ ಹುಡುಗ ಡ್ರೈಯರ್ ಮೆಷಿನ್ ತಂದು ಹಾಕಿದ, ಸುತ್ತಮುತ್ತಲಿನ ಹೋಂಸ್ಟೇಗಳ ಶೀಟು, ದಿಂಬಿನ ಕವರ್, ಟವೆಲ್ಲು, ಇಷ್ಟೇ ಅವನ ವ್ಯಾಪಾರ. ಜುಲೈನಲ್ಲಿ ಫೋನ್ ಎತ್ತಲೂ ಅವನಿಗೆ ಪುರುಸೊತ್ತಿಲ್ಲ. ಹೋಂಸ್ಟೇಗಳು ಇಲ್ಲದಿದ್ದರೆ ಅವನು ಈ ಹೊತ್ತಿಗೆ ಬೆಂಗಳೂರಲ್ಲಿ ಇರುತ್ತಿದ್ದ.

ಇನ್ನೊಂದು, ಕಾಫಿ ದುಡ್ಡು ಯಜಮಾನರ ಖಾತೆಗೆ ಹೋಗುತ್ತದೆ, ಅಲ್ವಾ? ಆದರೆ ಅತಿಥಿಗಳು ಹೊರಡುವಾಗ ಕೇಳಿ ಕೊಂಡುಹೋಗುವ ಅಪ್ಪೆಮಿಡಿ ಉಪ್ಪಿನಕಾಯಿ, ಜೇನು, ಕಾಲು ಕೆಜಿ ಕಾಳುಮೆಣಸಿನ ದುಡ್ಡು ಮನೆ ಹೆಂಗಸರ ಕೈಯಲ್ಲೇ ಉಳಿಯುತ್ತದೆ. ಸಣ್ಣ ಮೊತ್ತವೇ. ಅದಕ್ಕೆ ಯಾರನ್ನೂ ಕೇಳಬೇಕಾಗಿಲ್ಲ ಅನ್ನೋದು ಸಣ್ಣದಲ್ಲ.

ಈಗ ಊರಿಗೆ ಲಾಭ ಇಲ್ಲದ ಹೋಂಸ್ಟೇ ಹೇಗಿರುತ್ತೆ ಕೇಳಿ. ಹೊರಗಿನವರು ಹಳೇ ಮನೆ ಲೀಸಿಗೆ ಹಿಡಿಯುತ್ತಾರೆ, ಪಕ್ಕದಲ್ಲಿ ನಾಲ್ಕು ಕಾಟೇಜು, ಒಂದು ಈಜುಕೊಳ ಎಬ್ಬಿಸುತ್ತಾರೆ. ಮ್ಯಾನೇಜರ್, ಅಡುಗೆಯವರು ಹೊರಗಿನಿಂದ, ಕೋಳಿಯಿಂದ ಹಿಡಿದು ಕೊತ್ತಂಬರಿ ಸೊಪ್ಪಿನ ತನಕ ಪೇಟೆಯಿಂದ. ಬುಕಿಂಗ್ ಆ್ಯಪಿನ ಕಮಿಷನ್ ಮೇಲಿಂದ ಮೇಲೇ ಹೋಗುತ್ತದೆ. ಊರಿಗೆ ಉಳಿಯುವುದು ಡಿಜೆ ಸದ್ದು, ಬಿಯರ್ ಬಾಟಲಿ, ಗುಂಡಿ ಬಿದ್ದ ರಸ್ತೆ. ಹೋಂಸ್ಟೇ ಅನ್ನಿಸಿಕೊಳ್ಳಬೇಕಾದರೆ ಮಾಲೀಕರ ಮನೆಯವರು ಅಲ್ಲೇ ವಾಸ ಇರಬೇಕು ಅಂತ ಪ್ರವಾಸೋದ್ಯಮ ಇಲಾಖೆಯ ನಿಯಮವೇ ಇದೆ. ಇವು ರೆಸಾರ್ಟುಗಳು, ಬೋರ್ಡು ಮಾತ್ರ ಹೋಂಸ್ಟೇದು.

ಬಾರ್ಸಿಲೋನಾದಲ್ಲಿ 10 ಸಾವಿರಕ್ಕೂ ಹೆಚ್ಚು ಪ್ರವಾಸಿ ಅಪಾರ್ಟ್‌ಮೆಂಟ್‌ಗಳ ಲೈಸೆನ್ಸ್ 2028ರ ಹೊತ್ತಿಗೆ ನಿಲ್ಲಿಸುತ್ತೇವೆ ಅಂತ ಅಲ್ಲಿನ ಮೇಯರ್ 2024ರಲ್ಲಿ ಹೇಳಿದ್ದನ್ನು ಕೆಲವರು ಇಲ್ಲಿಗೂ ಎಳೆದು ತರುತ್ತಾರೆ. ಅಲ್ಲಿನ ಜಗಳ ಊರಿನವರಿಗೇ ಬಾಡಿಗೆ ಮನೆ ಸಿಗುತ್ತಿಲ್ಲ ಅನ್ನೋದು. ನಮ್ಮ ಹಳ್ಳಿಗಳಲ್ಲಿ ಮಕ್ಕಳು ಬೆಂಗಳೂರು ಸೇರಿ ಅರ್ಧ ತೊಟ್ಟಿಮನೆಗಳೇ ಖಾಲಿ ಇವೆ, ಆ ಹೋಲಿಕೆ ಇಲ್ಲಿ ಕೂರಲ್ಲ.

ಆದರೆ ತೋಟ ಮಾರಿ ಬರೀ ರೂಮು ಕಟ್ಟಬೇಡಿ ಅಂತ ಕೇಳಿದವರಿಗೆಲ್ಲ ಹೇಳುತ್ತೇನೆ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದ ಮೇಲೆ ಪ್ರವಾಸಿಗರು ಬರುವುದೇ ನಿಂತಿತ್ತು, 2020ರ ಲಾಕ್‌ಡೌನ್ ಅಂತೂ ಗೊತ್ತೇ ಇದೆ. ತೋಟ ಇದ್ದವರು ಹೇಗೋ ದಾಟಿಕೊಂಡರು, ರೂಮಿಗೆ ಸಾಲ ಮಾಡಿದವರು ಒದ್ದಾಡಿದರು.

ನಿಮ್ಮೂರಿನ ವಿಷಯಕ್ಕೆ ಬಂದರೆ, ಹೋಂಸ್ಟೇ ಬೇಕಾ ಬೇಡ್ವಾ ಅಂತ ಜಗಳ ಮಾಡೋದು ಬಿಡಿ. ಮುಂದಿನ ಗ್ರಾಮಸಭೆಯಲ್ಲಿ ನೋಂದಣಿ ಆದ ಹೋಂಸ್ಟೇಗಳ ಪಟ್ಟಿ ಕೇಳಿ, ಯಾವುದರಲ್ಲಿ ಮಾಲೀಕರು ಇದ್ದಾರೆ, ಯಾವುದು ಲೀಸಿನದ್ದು ಅಂತ ನಿಮಗೇ ಗೊತ್ತಿರುತ್ತದೆ. ಲೀಸಿನ ಕಾಟೇಜುಗಳಿಗೆ ಪಂಚಾಯಿತಿ ತೆರಿಗೆ ಮನೆ ಲೆಕ್ಕದಲ್ಲಿ ಕಟ್ಟುತ್ತಿದ್ದಾರಾ ವಾಣಿಜ್ಯ ಲೆಕ್ಕದಲ್ಲಾ, ಕಸದ ಗಾಡಿಯ ಖರ್ಚು ಯಾರದ್ದು, ಇವೆರಡನ್ನು ಪಿಡಿಓ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಹತ್ತಿರ ಬರಹದಲ್ಲಿ ಕೇಳಿ. ನಮ್ಮಲ್ಲಿ ಕಸದ ಮಾತು ಎತ್ತಿದ ಮೇಲೆ ಒಂದು ಕಡೆಯವರು ತಿಂಗಳಿಗಿಷ್ಟು ಅಂತ ಕೊಡಲು ಒಪ್ಪಿದ್ದಾರೆ, ಡಿಜೆ ವಿಷಯ ಇನ್ನೂ ಬಗೆಹರಿದಿಲ್ಲ.