ಕಾರ್ ರೇಡಿಯೊ ತಯಾರಿಸುತ್ತಿದ್ದ ಸಿಡ್ನಿಯ ಫೆರಿಸ್ ಕಂಪನಿ ಆಟಿಕೆ ರೈಲುಗಳನ್ನು ಮಾಡಿದ್ದೇಕೆ?

ಎರಡನೇ ಮಹಾಯುದ್ಧದ ನಂತರ ವಿದೇಶಿ ಆಟಿಕೆ ರೈಲುಗಳು ಆಸ್ಟ್ರೇಲಿಯಕ್ಕೆ ಸಾಕಷ್ಟು ಬರುತ್ತಿರಲಿಲ್ಲ. ಅವುಗಳನ್ನು ಮಾಡಲು ಬೇಕಾದ ಕೌಶಲ ರೇಡಿಯೊ ತಯಾರಕರ ಕೈಯಲ್ಲಿ ಮೊದಲೇ ಇತ್ತು. ಡಾಲರ್ ಕೊರತೆಯಿಂದಾಗಿ ಅಮೆರಿಕದ ಸರಕಿಗೆ ಆಮದು ಪರವಾನಗಿ ಸುಲಭವಾಗಿ ಸಿಗುತ್ತಿರಲಿಲ್ಲ, 1952ರ ಮಾರ್ಚ್‌ನಲ್ಲಿ ಪ್ರಧಾನಿ ರಾಬರ್ಟ್ ಮೆಂಜಿಸ್ ಅವರ ಸರ್ಕಾರ ಬ್ರಿಟಿಷ್ ಸರಕಿನ ಆಮದನ್ನೂ ತೀವ್ರವಾಗಿ ಕಡಿತಗೊಳಿಸಿತು.

ರೇಡಿಯೊ ಪೆಟ್ಟಿಗೆಗೆ ತೆಳು ತಗಡನ್ನು ಅಚ್ಚೊತ್ತಿ ಮಡಚುವ ಕೆಲಸವೇ ರೈಲುಬೋಗಿಗೂ ಬೇಕು. ಕಬ್ಬಿಣದ ಪಟ್ಟಿಗಳ ಮೇಲೆ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿದರೆ ರೇಡಿಯೊಗೂ ಆಟಿಕೆ ರೈಲಿಗೂ ಬೇಕಾದ ಟ್ರಾನ್ಸ್‌ಫಾರ್ಮರ್ ಆಗುತ್ತದೆ. ಮನೆಯ 240 ವೋಲ್ಟ್ ವಿದ್ಯುತ್ತನ್ನು ಮಗುವಿನ ಕೈಗೆ ಅಪಾಯವಿಲ್ಲದಷ್ಟು ತಗ್ಗಿಸಿ ಹಳಿಗೆ ಹರಿಸುವುದು ಅದೇ. ಫೆರಿಸ್‌ನ ರೈಲುಗಳು ಹಳಿಗಳ ನಡುವೆ 32 ಮಿಲಿಮೀಟರ್ ಅಂತರವಿರುವ 'ಓ' ಗೇಜಿನವು. ಅವುಗಳಲ್ಲಿ ನನಗೆ ಅತ್ಯಂತ ಮುಖ್ಯವೆನಿಸುವುದು ಸಿಡ್ನಿಯ ಉಪನಗರ ವಿದ್ಯುತ್ ರೈಲಿನ ಮಾದರಿ: ಇಂಗ್ಲೆಂಡಿನ ಎಂಜಿನ್‌ಗಳೊಂದಿಗೆ ಆಡಿ ಬೆಳೆದ ಮಕ್ಕಳಿಗೆ ತಾವು ದಿನವೂ ಹತ್ತುತ್ತಿದ್ದ ರೈಲೇ ಆಟಿಕೆಯಾಗಿ ಸಿಕ್ಕಿತು.

ಈ ಬಗೆಯ ಸ್ಥಳೀಯ ತಯಾರಿಕೆಗೆ ಆಮದು ನಿರ್ಬಂಧವೇ ಆಸರೆಯಾಗಿತ್ತು. 1960ರ ಫೆಬ್ರವರಿಯಲ್ಲಿ ಬಹುಪಾಲು ನಿರ್ಬಂಧಗಳು ತೆರವಾದವು. ಅಷ್ಟರಲ್ಲಿ ಸುಮಾರು ಅರ್ಧ ಅಗಲದ ಹಳಿಯ ಮೇಲೆ ಓಡುವ ಪ್ಲಾಸ್ಟಿಕ್ ರೈಲುಗಳು ದೊಡ್ಡ ತಗಡಿನ ರೈಲುಗಳ ಜಾಗವನ್ನು ಆಕ್ರಮಿಸತೊಡಗಿದ್ದವು.