ಓದುಗರ ಪ್ರಶ್ನೆ: ಟಿವಿಯ ಕರೆಂಟಿಗೂ ಕಾನೂನು ಬೇಕೇ?

ಪ್ರಶ್ನೆ: ಡಬ್ಬಿ ಟಿವಿ ಹೋಗಿ ಎಲ್‌ಇಡಿ ಬಂದದ್ದು ಕಂಪನಿಗಳ ಪೈಪೋಟಿಯಿಂದ, ಯಾವ ಕಾನೂನಿನಿಂದಲೂ ಅಲ್ಲ. ಹಾಗಿರುವಾಗ ಟಿವಿ ಎಷ್ಟು ವಿದ್ಯುತ್ ಬಳಸಬೇಕೆಂದು ಸರ್ಕಾರ ಹೇಳುವುದೇಕೆ?
- ಓದುಗರೊಬ್ಬರು, ಮುಲುಂಡ್

ಉತ್ತರ: ನಿಮ್ಮ ಮಾತಿನ ಅರ್ಧವನ್ನು ಒಪ್ಪುತ್ತೇನೆ. ಮುಂಬೈ ಪಕ್ಕದ ಡೊಂಬಿವಲಿಯಲ್ಲಿ ಇಪ್ಪತ್ತೆಂಟು ವರ್ಷಗಳಿಂದ ಟಿವಿ ದುರಸ್ತಿ ಮಾಡುತ್ತಿದ್ದೇನೆ. ನೂರು ವಾಟ್‌ನ ಆಸುಪಾಸು ಎಳೆಯುತ್ತಿದ್ದ ಡಬ್ಬಿಯ ಜಾಗಕ್ಕೆ ಸುಮಾರು ಐವತ್ತು ವಾಟ್‌ನ 32 ಇಂಚಿನ ಎಲ್‌ಇಡಿ ಬಂದದ್ದು ನನ್ನ ಕಣ್ಣೆದುರಿಗೇ. ಆದರೆ ಜನ ಕೇಳಿದ್ದು ತೆಳ್ಳಗಿನ ಟಿವಿಯನ್ನು; ಉಳಿತಾಯ ಅದರ ಬೆನ್ನಿಗೆ ಬಂತು. ಈಗ ಅದೇ ಗೋಡೆಗೆ 55 ಇಂಚು ಬೇಕಂತೆ, ಉಳಿತಾಯವಾದ ಕರೆಂಟೆಲ್ಲ ಅಲ್ಲಿಗೇ ಹೋಯಿತು. ‘ಎಷ್ಟು ವಾಟ್?’ ಎಂದು ಕೇಳಿದ ಗಿರಾಕಿಗಳನ್ನು ಬೆರಳಲ್ಲಿ ಎಣಿಸಬಹುದು.

ಕ್ಯಾಲಿಫೋರ್ನಿಯಾದಲ್ಲಿ 2009ರ ನವೆಂಬರ್‌ನಲ್ಲಿ 58 ಇಂಚಿನವರೆಗಿನ ಟಿವಿಗಳ ವಿದ್ಯುತ್ ಬಳಕೆಗೆ ಮಿತಿ ಹೇರಿದಾಗ ತಯಾರಕರ ಸಂಘವೂ ನಿಮ್ಮ ವಾದವನ್ನೇ ಮುಂದಿಟ್ಟಿತ್ತು. 2011ರಲ್ಲೊಮ್ಮೆ, 2013ರಲ್ಲೊಮ್ಮೆ, ಹೀಗೆ ಎರಡು ಹಂತಗಳಲ್ಲಿ ಮಿತಿ ಜಾರಿಯಾಯಿತು. ಅಂಗಡಿಗಳೇನೂ ಖಾಲಿಯಾಗಲಿಲ್ಲ. ನಮ್ಮಲ್ಲಿ 2001ರ ಇಂಧನ ಸಂರಕ್ಷಣಾ ಕಾಯ್ದೆಯಡಿ ಟಿವಿಗೆ ನಕ್ಷತ್ರದ ಚೀಟಿ (ವಿದ್ಯುತ್ ಉಳಿತಾಯವನ್ನು ತೋರಿಸುವ ಸ್ಟಾರ್ ಗುರುತು) ಕಡ್ಡಾಯವಾಗಿದೆ. ಒಳ್ಳೆಯ ಕೆಲಸ, ಆದರೆ ಓದುವವರಿಗೆ ಮಾತ್ರ.

ನನಗೆ ನಿಜಕ್ಕೂ ಸಂಕಟವಾಗುವುದು ಸೆಟ್‌ಟಾಪ್ ಪೆಟ್ಟಿಗೆಯನ್ನು ನೋಡಿದಾಗ. ಕಳೆದ ತಿಂಗಳು ನೆರೆಮನೆಯ ಅಜ್ಜಿಯೊಬ್ಬರು ಬಿಲ್ ಹಿಡಿದುಕೊಂಡು ಬಂದರು. ಅವರ ಪೆಟ್ಟಿಗೆಗೆ ಮೀಟರ್ ಸಿಕ್ಕಿಸಿದೆ: ಹನ್ನೊಂದು ವಾಟ್. ರಿಮೋಟ್ ಒತ್ತಿ ಆರಿಸಿದೆ, ಹಸಿರು ದೀಪ ಕೆಂಪಾಯಿತು. ಮೀಟರ್ ಒಂಬತ್ತಕ್ಕೆ ಇಳಿದು ಅಲ್ಲೇ ನಿಂತಿತು. ಅಜ್ಜಿ ಪೆಟ್ಟಿಗೆಯ ಮೇಲೆ ಅಂಗೈಯಿಟ್ಟು, ‘ಆರಿಸಿದರೂ ಬಿಸಿಯಾಗಿಯೇ ಇದೆಯಲ್ಲ ಮಗನೇ’ ಎಂದರು. ಒಂಬತ್ತು ವಾಟ್ ಹಗಲಿರುಳು ಉರಿದರೆ ತಿಂಗಳಿಗೆ ಆರೂವರೆ ಯೂನಿಟ್. ತಿಂಗಳಿಗೆ ನೂರು ಯೂನಿಟ್ ದಾಟಿದರೆ ಇಲ್ಲಿ ದರದ ಮೆಟ್ಟಿಲೇ ಬೇರೆ. ಆ ಅಂಚಿನಲ್ಲಿರುವ ಮನೆಗೆ ಆರೂವರೆ ಸಣ್ಣದಲ್ಲ.

ಆ ಪೆಟ್ಟಿಗೆಯನ್ನು ಅಜ್ಜಿ ಆಯ್ಕೆ ಮಾಡಿರಲಿಲ್ಲ. ಕೇಬಲ್‌ನವರು ತಂದಿಟ್ಟರು, ಬಿಲ್ ಮಾತ್ರ ಇವರದು. ಆಯ್ಕೆ ಒಬ್ಬರದು, ಹಣ ಇನ್ನೊಬ್ಬರದು ಎಂದಾದಾಗ ಪೈಪೋಟಿ ಯಾರ ಪರವಾಗಿ ನಡೆಯಬೇಕು? ಅಲ್ಲಿ ಕಾನೂನೇ ಬೇಕು, ಅದೂ ಪೆಟ್ಟಿಗೆ ಕಾರ್ಖಾನೆಯಿಂದ ಹೊರಬೀಳುವ ಮೊದಲೇ.

ಅಲ್ಲಿಯವರೆಗೆ ಮಲಗುವ ಮುನ್ನ ಗೋಡೆಯ ಸ್ವಿಚ್ಚನ್ನೇ ಆರಿಸಿ. ಬೆಳಿಗ್ಗೆ ಚಾನೆಲ್‌ಗಳು ಬರಲು ಒಂದೆರಡು ನಿಮಿಷ ಹಿಡಿಯಬಹುದು, ಪೆಟ್ಟಿಗೆ ಕೆಡುವುದಿಲ್ಲ.