ಹೂತ ಹೆಣ ಅಲ್ಲ ಸ್ವಾಮಿ, ಮುಗಿಯದ ಮಾತು

ಹೋದ ಸಂಚಿಕೆಯ ಪ್ರಶ್ನೋತ್ತರ ಪುಟ ಓದಿ ದಾವಣಗೆರೆಯ ಓದುಗರೊಬ್ಬರು ಸಿಟ್ಟಾಗಿದ್ದಾರೆ. ಅವರ ಪತ್ರದ ಸಾರ ಇಷ್ಟು: "2009ರಲ್ಲಿ ಯಾರೋ ವಾಲ್ವ್ ರೇಡಿಯೋ ಬಗ್ಗೆ ಕೇಳಿದ್ದಕ್ಕೆ ಈಗ ಇನ್ಯಾರೋ ಉತ್ತರ ಬರೆದಿದ್ದಾರೆ, ನೀವು ಅರ್ಧ ಪುಟ ಕೊಟ್ಟಿದ್ದೀರಿ. ಹಳೆ ಸಂಚಿಕೆ ತೆಗೆದು ನೋಡಿದೆ, ಆಗಲೇ ಮೂರು ಜನ ಉತ್ತರಿಸಿ ಮುಗಿಸಿದ್ದಾರೆ. ಆ ರೇಡಿಯೋ ಗುಜರಿ ಸೇರಿರಬೇಕು. ಹೂತ ಹೆಣ ಯಾಕೆ ತೆಗೆಯುತ್ತೀರಿ? ಜಾಗ ಹೊಸಬರಿಗೆ ಕೊಡಿ."

ಸ್ವಾಮಿ, ನಿಮ್ಮ ಮಾತಿನಲ್ಲಿ ಸರಿ ಇರುವುದನ್ನು ಮೊದಲೇ ಒಪ್ಪಿಬಿಡುತ್ತೇನೆ. ಹಳೆಯದನ್ನು ಕೆದಕುವವರೆಲ್ಲ ಪಂಡಿತರಲ್ಲ. 2011ರಲ್ಲಿ ಒಬ್ಬರು ರೆಕಾರ್ಡ್ ಪ್ಲೇಯರ್ ಮಾರಾಟಕ್ಕಿದೆ ಎಂದು ಬರೆದಿದ್ದರು. ಕಳೆದ ವರ್ಷ ಒಂದು ಕಾರ್ಡ್ ಬಂತು, "ಇನ್ನೂ ಇದೆಯಾ? ಅದೇ ರೇಟಾ?" ಅಂತ. ಇನ್ನು ಕೆಲವರು ಹತ್ತು ವರ್ಷದ ಹಿಂದಿನ ಪ್ರಶ್ನೆ ಹಿಡಿದು "ನನಗೂ ಇದೇ ತೊಂದರೆ" ಎಂದಷ್ಟೇ ಬರೆಯುತ್ತಾರೆ. ಅವೆಲ್ಲ ಬುಟ್ಟಿಗೆ ಹೋಗುತ್ತವೆ, ಚಿಂತೆ ಬೇಡ.

ಆದರೆ ಈ ರೇಡಿಯೋ ವಿಷಯ ಹಾಗಲ್ಲ. ಕೇಳಿದವರ ಸೆಟ್ಟು ಹಾಕಿದಾಗ ಚೆನ್ನಾಗೇ ಹಾಡುತ್ತಿತ್ತು, ಕಾಲು ಗಂಟೆ ಕಳೆದರೆ ದನಿ ಒಡೆಯುತ್ತಿತ್ತು. 2009ರ ಮೂವರಲ್ಲಿ ಒಬ್ಬರು ಸ್ಪೀಕರ್ ಬದಲಿಸಿ ಎಂದರು, ಇನ್ನೊಬ್ಬರು ಔಟ್‌ಪುಟ್ ವಾಲ್ವ್ (ಸ್ಪೀಕರಿಗೆ ದನಿ ಒದಗಿಸುವ ಗಾಜಿನ ಕೊಳವೆ) ಬದಲಿಸಿ ಎಂದರು, ಮೂರನೆಯವರು ಮನೆಯ ಕರೆಂಟನ್ನೇ ಬೈದರು. ಈಗ ಬರೆದವರು ಮೂವತ್ತು ವರ್ಷ ರೇಡಿಯೋ ರಿಪೇರಿ ಮಾಡಿದವರು. ಅವರು ಹೇಳಿದ್ದು, ಔಟ್‌ಪುಟ್ ವಾಲ್ವಿನ ಗ್ರಿಡ್‌ಗೆ (ವಾಲ್ವಿನ ಕರೆಂಟನ್ನು ಹಿಡಿತದಲ್ಲಿಡುವ ಒಳಗಿನ ಜಾಲರಿಗೆ) ಮೊದಲು ಕೂತಿರುವ ಚಿಕ್ಕ ಪೇಪರ್ ಕೆಪಾಸಿಟರ್ ನೋಡಿ ಅಂತ. ಅದು ಹಳೆಯದಾಗಿ ಲೀಕ್ ಆದರೆ ಹಿಂದಿನ ಹಂತದ ಡಿಸಿ ವೋಲ್ಟೇಜು ಗ್ರಿಡ್ಡಿಗೆ ನುಗ್ಗುತ್ತದೆ, ವಾಲ್ವು ಮಿತಿ ಮೀರಿ ಕರೆಂಟ್ ಎಳೆದು ಕೆಂಪಗಾಗುತ್ತದೆ. ಇಎಲ್84 ಎಂಬ ವಾಲ್ವ್ ಇರುವ ಸೆಟ್ಟಾದರೆ ಗ್ರಿಡ್ಡಿನ ಮೇಲೆ ಮೀಟರ್ ಇಟ್ಟು ನೋಡಿ, ಅಲ್ಲಿ ಪ್ಲಸ್ ವೋಲ್ಟೇಜ್ ಕಂಡರೆ ಮೊದಲ ಅನುಮಾನ ಆ ಕೆಪಾಸಿಟರ್ ಮೇಲೆ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಕೆಲವೇ ರೂಪಾಯಿಗೆ ಸಿಗುವ ಸಾಮಾನು ಅದು. (ಒಳಗೆ 250 ವೋಲ್ಟ್ ಡಿಸಿ ಓಡುತ್ತಿರುತ್ತದೆ. ಎಸಿ–ಡಿಸಿ ಎರಡರಲ್ಲೂ ಓಡುವ ಸೆಟ್ಟಾದರೆ ಚಾಸಿಸ್ಸೇ, ಅಂದರೆ ಒಳಗಿನ ಲೋಹದ ಚೌಕಟ್ಟೇ, ಶಾಕ್ ಹೊಡೆಯಬಹುದು. ಒಂದು ಕೈ ಜೇಬಲ್ಲಿರಲಿ.)

ಈಗ ಹೇಳಿ. 2009ರ ಪುಟ ನಂಬಿ ವಾಲ್ವ್ ಬದಲಿಸಿದವನ ಗತಿ ಏನು? ಹೊಸ ವಾಲ್ವೂ ಸುಟ್ಟುಹೋಗುತ್ತದೆ. ನೀವು "ಮುಗಿದಿದೆ" ಎಂದಿರಲ್ಲ, ಮುಗಿದದ್ದು ತಪ್ಪು ಉತ್ತರದಲ್ಲಿ. ಚರ್ಚೆಗೆ ಬೀಗ ಹಾಕಿದರೆ ಅದರೊಳಗಿನ ತಪ್ಪಿಗೂ ಬೀಗ ಬೀಳುತ್ತದೆ. ನನಗೇ ಆದದ್ದಿದೆ. ಚಿಕ್ಕ ವಯಸ್ಸಿನಲ್ಲಿ ಒಂದು ಹಳೆ ರಿಪೇರಿ ಪುಸ್ತಕದಲ್ಲಿ ಮೀಡಿಯಂ ವೇವ್, ಶಾರ್ಟ್ ವೇವ್ ಬದಲಿಸುವ ಬ್ಯಾಂಡ್ ಸ್ವಿಚ್ಚನ್ನು ಕಾರ್ಬನ್ ಟೆಟ್ರಾಕ್ಲೋರೈಡ್ ಹಚ್ಚಿ ತೊಳೆಯಿರಿ ಎಂದಿತ್ತು. ಬಾಗಿಲು ಹಾಕಿಕೊಂಡು ತೊಳೆದೆ. ಸ್ವಿಚ್ಚು ಫಳಫಳ, ನಾನು ತಲೆಸುತ್ತಿ ಗೋಡೆಗೆ ಒರಗಿದ್ದೆ. ಅದು ಲಿವರ್‌ಗೆ ವಿಷ ಎಂದು ಆಮೇಲೆ ತಿಳಿಯಿತು. ಆ ಪುಟದ ಅಂಚಿನಲ್ಲಿ ಯಾರಾದರೂ ಪೆನ್ಸಿಲ್‌ನಲ್ಲಿ ಒಂದು ಸಾಲು ಗೀಚಿದ್ದರೆ?

ಹಕ್ಕಿ ನೋಡುವವರನ್ನು ಕೇಳಿ ನೋಡಿ. ಫಾರೆಸ್ಟ್ ಔಲೆಟ್ ಎಂಬ ಪುಟ್ಟ ಗೂಬೆ 1884ರ ನಂತರ ಯಾರಿಗೂ ಖಚಿತವಾಗಿ ಸಿಕ್ಕಿರಲಿಲ್ಲ. ನಡುವೆ 1914ರಲ್ಲಿ ಗುಜರಾತಿನಲ್ಲಿ ಸಿಕ್ಕಿತು ಎಂದು ಮೈನರ್ಟ್ಸ್‌ಹಾಗನ್ ಎಂಬ ಬ್ರಿಟಿಷ್ ಅಧಿಕಾರಿಯ ಸಂಗ್ರಹದ ಹಕ್ಕಿಗೆ ಕಟ್ಟಿದ ಚೀಟಿ ಹೇಳುತ್ತಿತ್ತು. ಪಮೇಲಾ ರಾಸ್ಮುಸ್ಸೆನ್ ಎಂಬ ಪಕ್ಷಿತಜ್ಞೆ ಆ ಹಳೆ ಮಾದರಿಯನ್ನು ಮತ್ತೆ ಬಿಚ್ಚಿ ನೋಡಿದರು. ಮ್ಯೂಸಿಯಮ್ಮಿನಿಂದ ಕದ್ದ ಹಕ್ಕಿ, ಸುಳ್ಳು ಚೀಟಿ! ಆ ಚೀಟಿ ಬಿಟ್ಟು, ನಿಜವಾದ ಹಳೆ ದಾಖಲೆ ಹಿಡಿದು ಹೊರಟರು. 1997ರ ನವೆಂಬರಿನಲ್ಲಿ ಮಹಾರಾಷ್ಟ್ರದ ಶಹಾದಾ ಹತ್ತಿರ ಗೂಬೆ ಕೊಂಬೆಯ ಮೇಲೆ ಕೂತಿತ್ತು. 113 ವರ್ಷದ ಹಳೆ ವಿಷಯ, ಬಿಡಿ ಎಂದಿದ್ದರೆ?

ಪತ್ರಿಕೆಯಲ್ಲಿ ಇದು ನಾನು ಶುರು ಮಾಡಿದ ಚಾಳಿಯೂ ಅಲ್ಲ. 1849ರಲ್ಲಿ ಲಂಡನ್ನಿನಲ್ಲಿ ವಿಲಿಯಂ ಥಾಮ್ಸ್ 'ನೋಟ್ಸ್ ಅಂಡ್ ಕ್ವೆರೀಸ್' ಎಂಬ ಪತ್ರಿಕೆ ಶುರು ಮಾಡಿದ. ಒಬ್ಬರು ಕೇಳುವುದು, ಇನ್ನೊಬ್ಬರು ತಮಗೆ ತಿಳಿದಾಗ ಹೇಳುವುದು, ಅಷ್ಟೇ ಅದರ ಕಸುಬು. ಅದು ಇವತ್ತಿಗೂ ಬರುತ್ತಿದೆ.

ನನ್ನ ಸಿಟ್ಟು ನಿಮ್ಮ ಮೇಲಲ್ಲ, ಬೇರೆ ಕಡೆ ಇದೆ. ಹವ್ಯಾಸಿಗಳ ಗುಂಪಿಗೆ ಹೊಸ ಹುಡುಗ ಬಂದು ಏನಾದರೂ ಕೇಳಿದರೆ "ಮೊದಲು ಹಳೆಯದನ್ನು ಹುಡುಕಿ ನೋಡಪ್ಪ" ಎಂದು ಗದರುತ್ತಾರೆ. ಪಾಪ, ಅವನು ಹುಡುಕಿ, ಓದಿ, ಅಲ್ಲೇ ಒಂದು ಅನುಮಾನ ಕೇಳಿದರೆ "ಸತ್ತ ವಿಷಯ ಯಾಕೆ ಎಬ್ಬಿಸ್ತೀಯ" ಎನ್ನುತ್ತಾರೆ. ಅವನು ಹೋಗುವುದೆಲ್ಲಿಗೆ? ವಾಟ್ಸಾಪಿಗೆ. ಅಲ್ಲಿ ಬೆಳಿಗ್ಗೆ ಬಂದ ಒಳ್ಳೆಯ ಉತ್ತರ ಮಧ್ಯಾಹ್ನದ ಹೊತ್ತಿಗೆ ಗುಡ್ ಮಾರ್ನಿಂಗ್ ಹೂವುಗಳ ಕೆಳಗೆ ಮುಚ್ಚಿಹೋಗಿರುತ್ತದೆ, ಮುಂದಿನ ತಿಂಗಳು ಅದೇ ಪ್ರಶ್ನೆ ಮತ್ತೆ ಬರುತ್ತದೆ, ಉತ್ತರಿಸಿದವರು ಬೇಸತ್ತು ಸುಮ್ನೆ ಇರುತ್ತಾರೆ, ಯಾರೋ ಫೋನ್ ಬದಲಿಸುತ್ತಾರೆ, ಎಲ್ಲ ಹೋಯಿತು. ಯಾಹೂ ಗ್ರೂಪ್ಸ್ ಎಂಬ ಇಂಟರ್ನೆಟ್ಟಿನ ಚರ್ಚಾಕಟ್ಟೆ 2020ರ ಡಿಸೆಂಬರಿನಲ್ಲಿ ಬಾಗಿಲು ಹಾಕುವ ಹೊತ್ತಿಗೆ ಎಷ್ಟು ಜನರ ಎಷ್ಟು ವರ್ಷದ ಮಾತು ಹೋಯಿತೋ. ಹಳೆಯದು ಉಳಿದಿರುವುದೇ ಕಡಿಮೆ, ಉಳಿದದ್ದಕ್ಕೂ ಹೆಣ ಅಂತ ಹೆಸರಿಟ್ಟರೆ ಹೇಗೆ?

ಮತ್ತೆ ನಿಮ್ಮ ಪತ್ರದಲ್ಲಿ ನನಗೆ ಜಾಸ್ತಿ ಹಿಡಿಸಿದ್ದು ಬೈಗುಳವಲ್ಲ, "ಹಳೆ ಸಂಚಿಕೆ ತೆಗೆದು ನೋಡಿದೆ" ಎಂಬ ಮಾತು. 2009ರ ಸಂಚಿಕೆ ಇನ್ನೂ ಜೋಪಾನ ಮಾಡಿದ್ದೀರಿ ಅಂದಮೇಲೆ ನೀವು ನಮ್ಮ ಕಡೆಯವರೇ, ಅಲ್ವಾ? ಹಾಗಾದರೆ ಒಂದು ಕೆಲಸ. 2012ರ ಕಟ್ಟು ಬಿಚ್ಚಿ. ಹಾಸನದವರೊಬ್ಬರು ತುಂಡಾದ ಡಯಲ್ ದಾರವನ್ನು (ರೇಡಿಯೋದ ಸ್ಟೇಷನ್ ಮುಳ್ಳನ್ನು ಎಳೆಯುವ ದಾರ) ಯಾವ ರಾಟೆಗೆ ಎಷ್ಟು ಸುತ್ತು ಹಾಕಬೇಕು ಎಂದು ಚಿತ್ರ ಸಮೇತ ಕೇಳಿದ್ದಾರೆ. ಇದುವರೆಗೆ ಒಬ್ಬರೂ ಉತ್ತರಿಸಿಲ್ಲ. ನಿಮಗೆ ಗೊತ್ತಿದ್ದರೆ ಬರೆದು ಕಳಿಸಿ, ಅರ್ಧ ಪುಟ ಕಾದಿರಿಸಿದ್ದೇನೆ.

— ಸಂಪಾದಕ